ಸಾಹೇಬರ ಕಣ್ಣಳತೆ

ಕುಂಬಾರಪೇಟೆಯ ಮೂಲೆಯಲ್ಲಿ ಮರದ್ದೊಂದು ಕರೆಂಟು ಕಂಬವಿತ್ತು. ಅದರ ಬುಡದಲ್ಲೇ ಹೂವಿನ ಹೆಂಗಸರು ಕೂರುತ್ತಿದ್ದರು. ಲೈನ್‌ಮನ್ ಸುತ್ತಿಗೆಯಲ್ಲಿ ತಟ್ಟಿ ನೋಡಿದ. ಗಟ್ಟಿ ಕಂಬವಾದರೆ ಠಣ್ ಎನ್ನಬೇಕು. ಇದು ಡೊಬ್ ಎಂದಿತು. ಒಳಗೆಲ್ಲ ಲಡ್ಡು ಹಿಡಿದು ಟೊಳ್ಳಾಗಿತ್ತು. ‘ಬದಲಿಸಬೇಕು’ ಎಂದು ತಪಾಸಣೆ ಪುಸ್ತಕದಲ್ಲಿ ಬರೆದ.

ಇಂಜಿನಿಯರ್ ತ್ರಿವಿಕ್ರಮರಾಯರು ಕೆಂಡವಾದರು. ಊರಿನ ಕಂಬಗಳೆಲ್ಲ ಗಟ್ಟಿ ಎಂದು ಅವರು ಆಗಲೇ ವರದಿ ಕಳಿಸಿ, ಮೇಲಿನವರಿಂದ ಬೆನ್ನು ತಟ್ಟಿಸಿಕೊಂಡಿದ್ದರು.

“ನಾನು ಕಣ್ಣಲ್ಲೇ ಕಂಬ ಅಳೆಯೋನು ಕಣಯ್ಯ! ಗಟ್ಟಿ ಅಂತ ಬರಿ. ಇಲ್ಲಾಂದ್ರೆ ನಾಳೆಯಿಂದ ಮನೇಲಿರು.”

“ತಾವೇ ಒಂದ್ಸಲ ಬಂದು ನೋಡಿಬಿಡಿ ಸಾರ್. ನೋಡಿದ ಹಾಗೇ ಬರೀತೀನಿ.”

ರಾಯರು ಜೀಪಿನಲ್ಲಿ ಬಂದಿಳಿದರು. ಬೀದಿಯ ಜನವೆಲ್ಲ ಸೇರಿತು. ಲೈನ್‌ಮನ್ ಹೂವಿನವರನ್ನು ದೂರ ಕಳಿಸಿ, ಕಂಬಕ್ಕೆ ಸುತ್ತಿಗೆಯಲ್ಲಿ ಒಂದೇಟು ಹಾಕಿದ. ಮೇಲಿನ ತಂತಿ ನಡುಗಿತು. ರಾಯರು ನಾಲ್ಕು ಹೆಜ್ಜೆ ಹಿಂದೆ ಸರಿದರು. ಇನ್ನೊಂದೇಟಿಗೆ ಇನ್ನೂ ನಾಲ್ಕು ಹೆಜ್ಜೆ. ಕೊನೆಗೆ ಎದುರಿನ ಸೈಕಲ್ ಅಂಗಡಿಯ ಮೆಟ್ಟಿಲು ಹತ್ತಿ ನಿಂತು ಕೂಗಿದರು, “ಕಲ್ಲಿನ ಹಾಗಿದೆ! ಬರ್ಕೋ!”

“ಆಯ್ತು ಸಾರ್, ಅಲ್ಲೇ ನಿಂತಿರಿ” ಎಂದವನೇ ಲೈನ್‌ಮನ್ ಕಂಬದ ಬುಡದಿಂದ ರಾಯರ ಬೂಟಿನವರೆಗೆ ಟೇಪು ಎಳೆದ.

“ಏನಯ್ಯಾ ಅದು ಅಳೀತಿರೋದು?”

ಅವನು ಪುಸ್ತಕದಲ್ಲಿ ಬರೆದು, ಬೀದಿಗೆಲ್ಲ ಕೇಳುವಂತೆ ಓದಿದ:

“ಕಂಬದ ಎತ್ತರ ಮೂವತ್ತು ಅಡಿ. ಅದು ಗಟ್ಟಿಯಾಗಿದೆ ಎಂದು ಸಾಹೇಬರು ಮೂವತ್ತೊಂದನೇ ಅಡಿಯಲ್ಲಿ ನಿಂತು ಹೇಳಿದರು. ಸಾಹೇಬರ ಕಣ್ಣಳತೆ ಸರಿಯಾಗಿದೆ. ಇಲ್ಲೊಂದು ಸಹಿ ಹಾಕಿ ಸಾರ್.”

ಬೀದಿಯೆಲ್ಲ ಗೊಳ್ಳೆಂದಿತು. ರಾಯರು ಸಹಿ ಹಾಕದೆ ಜೀಪು ಹತ್ತಿದರು.

ಮೂರನೇ ದಿನಕ್ಕೆ ಹೊಸ ಕಂಬ ಬಂತು. ಅದಕ್ಕೆ ಒರಗಿ ನಿಂತು ಫೋಟೊ ತೆಗೆಸಿಕೊಳ್ಳಲು ರಾಯರೂ ಬಂದರು.