ಮಂಗಟ್ಟೆಯ ಗಂಟಲಲ್ಲಿ ಜಾಗ

ಅಕ್ಷಯ ತದಿಗೆಯ ದಿನ ಪೊಟರೆ ಬಿಟ್ಟು ಹೊರಟ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿ ಆಮೇಲೆ ಎಲ್ಲೂ ಎರಡು ದಿನ ನೆಲೆ ನಿಂತವನಲ್ಲ. ಒಮ್ಮೆ ಅವನು ಬಸರಿ ಮರದಲ್ಲಿ ಕೂತು ಗಂಟಲ ತುಂಬ ಹಣ್ಣು ತುರುಕಿಕೊಳ್ಳುತ್ತಿದ್ದ.

“ಅಲೆಮಾರಿ, ನನ್ನ ಹಣ್ಣು ಉಗುಳು,” ಎಂದಳು ಬಸರಿ.

“ಏನಜ್ಜಿ, ನಿನಗೂ ಜಿಪುಣತನವೇ?”

“ನನ್ನ ಸಣ್ಣ ಬೀಜವನ್ನು ಪುಟ್ಟ ಪಿಕಳಾರ ಹಕ್ಕಿಯೂ ಒಯ್ದು ಬಿತ್ತುತ್ತದೆ. ಆ ಧೂಪದ ಮರ ನೋಡು. ಅಂಟಿಗಾಗಿ ಜನ ಬುಡ ಕೆತ್ತಿ ಸುಟ್ಟಿದ್ದಾರೆ. ಈ ಗುಡ್ಡದಲ್ಲಿ ಉಳಿದವಳು ಅವಳೊಬ್ಬಳೇ, ಮುಂದಿನ ಮಳೆಗಾಲ ಕಾಣಲಾರಳು. ಅವಳ ದಪ್ಪ ಬೀಜ ನಿನ್ನ ಗಂಟಲಲ್ಲಲ್ಲದೆ ಬೇರಾರ ಗಂಟಲಲ್ಲೂ ಹಿಡಿಯದು.”

“ಅದು ನಿನ್ನಷ್ಟು ಸಿಹಿಯಿಲ್ಲವಲ್ಲ.”

“ಸಿಹಿಗೇನು ಮಗಾ, ನಾಳೆ ಬಾ, ಕೊಡುತ್ತೇನೆ. ಇವತ್ತು ಅವಳದನ್ನು ಒಯ್ದುಬಿಡು.”

ಇಷ್ಟು ಕಾಡು ಸುತ್ತಿದರೂ ಇನ್ನೊಬ್ಬಳ ಬೀಜಕ್ಕಾಗಿ ತನ್ನದನ್ನು ಬಿಟ್ಟುಕೊಡುವ ಇಂಥ ಮರವನ್ನು ಅವನು ಕಂಡಿರಲಿಲ್ಲ. ಹಣ್ಣನ್ನೆಲ್ಲ ಉಗುಳಿ, ಬಸರಿಗೆ ತಲೆಬಾಗಿ, ಧೂಪದ ಏಳು ಹಣ್ಣುಗಳನ್ನು ಗಂಟಲಿಗೆ ತುಂಬಿಕೊಂಡು ಆಚೆ ಗುಡ್ಡಕ್ಕೆ ರೆಕ್ಕೆ ಬಿಚ್ಚಿದ.