ಇಡೀ ಗುಡ್ಡಕ್ಕೆ ಒಂದೇ ಅಪ್ಪಣೆ

ಗಿಡದ ಅಪ್ಪಣೆ ಕೇಳಿ ಕಿತ್ತರೆ ಪಾಪವಿಲ್ಲ ಎಂದು ಆ ಸೀಮೆಯಲ್ಲಿ ಆಗ ಎಲ್ಲರೂ ನಂಬಿದ್ದರು. ಶಿಷ್ಯನೂ ನಂಬಿದ್ದ. ಮಠದ ಹಿಂದೆ ಉಳಿದಿದ್ದ ಒಂದೇ ಒಂದು ಮದ್ದಿನ ಗಿಡವನ್ನು ಬೇರುಸಹಿತ ಕಿತ್ತು ತಂದು ಗುರುಗಳ ಮುಂದೆ ನಿಂತ. ಬೆರಳಿನ ಅರಿಶಿನ ಇನ್ನೂ ಹಸಿಯಾಗಿತ್ತು.

“ಬುದ್ಧಿ, ಅಕ್ಷತೆ ಹಾಕಿ, ಅಪ್ಪಣೆ ಕೇಳಿಯೇ ಕಿತ್ತೆ. ಇದರಲ್ಲಿ ತಪ್ಪೇನು?”

ಗುರುಗಳು ಕತೆ ಹೇಳಿದರು.

ಗುಡ್ಡದ ಬುಡದ ಊರಿನಲ್ಲಿ ಮದ್ದು ಕೊಡುವ ಒಬ್ಬ ಪಂಡಿತನಿದ್ದ. ಹೆರಿಗೆಯಾದ ಮೇಲೆ ನಿಲ್ಲದೆ ಹೋಗುವ ರಕ್ತವನ್ನು ನಿಲ್ಲಿಸುವ ಬೇರು ಆ ಗುಡ್ಡದಲ್ಲಿ ಮಾತ್ರ ಸಿಗುತ್ತಿತ್ತು. ಹಸಿಯಾಗಿಯೇ ಅರೆದು ಕೊಡಬೇಕು. ಪಂಡಿತ ಹಿಂದಿನ ಸಂಜೆ ಹೋಗಿ ಒಂದು ಗಿಡಕ್ಕೆ ಅರಿಶಿನದ ದಾರ ಕಟ್ಟಿ ಅಪ್ಪಣೆ ಕೇಳುತ್ತಿದ್ದ. ಬೆಳಗ್ಗೆ ಅದೊಂದನ್ನೇ ಅಗೆಯುತ್ತಿದ್ದ. ಅವನ ಅಪ್ಪ ಮಾಡಿದ್ದೂ ಹಾಗೆಯೇ. ಒಂದೊಂದಕ್ಕೂ ಕೇಳಬೇಕಾಗಿದ್ದರಿಂದ ಬೇಕಾದ್ದಕ್ಕಿಂತ ಹೆಚ್ಚು ಕೀಳಲು ಯಾರಿಗೂ ಪುರಸೊತ್ತಿರಲಿಲ್ಲ.

ಪಟ್ಟಣದಿಂದ ಒಬ್ಬ ವರ್ತಕ ಬಂದ. ಅವನಿಗೆ ಗಾಡಿಗಟ್ಟಲೆ ಬೇರು ಬೇಕಿತ್ತು. ಒಣಗಿದ ಬೇರು ಕೆಲಸಕ್ಕೆ ಬಾರದೆಂದು ಅವನಿಗೆ ಯಾರೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಪಂಡಿತ ನೇಮದ ಮಾತೆತ್ತಿದ. ವರ್ತಕ ನೇಮವನ್ನು ಹಳಿಯಲಿಲ್ಲ, ಕೆನ್ನೆ ಬಡಿದುಕೊಂಡ. ಆಮೇಲೆ ವಿನಯದಿಂದ ಕೇಳಿದ: “ಇಡೀ ಗುಡ್ಡಕ್ಕೆ ಸೇರಿಸಿ ಒಂದೇ ಸಲ ಅಪ್ಪಣೆ ಕೇಳಿದರೆ ನಡೆಯುವುದಿಲ್ಲವೆ, ಪಂಡಿತರೆ?”

ಪಂಡಿತ ಯೋಚಿಸಿದ. ನಡೆಯುವುದಿಲ್ಲವೆಂದು ಅಪ್ಪ ಹೇಳಿದ ನೆನಪು ಬರಲಿಲ್ಲ. ವರ್ತಕ ಹೇಳಿದ ಬೆಲೆ ಮಾತ್ರ ಚೆನ್ನಾಗಿ ನೆನಪಿತ್ತು. ಗುಡ್ಡದ ಸುತ್ತ ದಾರ ಎಳೆಸಿದ. ವರ್ತಕ ಒಂದು ಮಂಕರಿ ಅಕ್ಷತೆ ತರಿಸಿಕೊಟ್ಟ. ಪಂಡಿತ ಹಿಂದೆಂದೂ ಇಲ್ಲದಷ್ಟು ಭಕ್ತಿಯಿಂದ ಅಪ್ಪಣೆ ಕೇಳಿದ. ಮಾರನೆಯ ಬೆಳಗ್ಗೆ ಊರಿಗೆ ಊರೇ ಹಾರೆ ಹಿಡಿದು ಗುಡ್ಡ ಹತ್ತಿತು.

ಮುದುಕಿಯೊಬ್ಬಳು ಅಡ್ಡ ಬಂದಳು. ಊರಿನ ಸೂಲಗಿತ್ತಿ. ಬಿತ್ತಕ್ಕಾದರೂ ನಾಲ್ಕು ಉಳಿಸು, ನಿನ್ನ ಮಗಳೇ ತುಂಬು ಬಸುರಿ, ತವರಿಗೆ ಬಂದು ಕೂತಿದ್ದಾಳೆ ಎಂದಳು.

“ಬೇಡ ಅಂತ ಒಂದು ಗಿಡವಾದರೂ ಅಂದಿತೆ?” ಎಂದ ಪಂಡಿತ. “ಅವೇ ಸುಮ್ಮನಿವೆ. ನಿನ್ನದೇನು ವಕಾಲತ್ತು, ಅಜ್ಜಿ?”

ಜನ ನಕ್ಕರು. ಗಾಡಿಗಳು ತುಂಬಿದವು.

ಕೆಲವೇ ದಿನಕ್ಕೆ ಮಗಳು ಹೆತ್ತಳು. ರಕ್ತ ನಿಲ್ಲಲಿಲ್ಲ. ಪಂಡಿತ ಗುಡ್ಡಕ್ಕೆ ಓಡಿದ. ಅಲ್ಲಿ ಗುಂಡಿಗಳಿದ್ದವು. ಗುಂಡಿಗುಂಡಿಗೂ ಕೈಮುಗಿದು ಒಂದೇ ಒಂದು ಬೇರು ಬೇಡಿದ. ಇಳಿದು ಬಂದಾಗ ಸೂಲಗಿತ್ತಿ ಕೂಸನ್ನೆತ್ತಿಕೊಂಡು ಹೊಸಿಲ ಮೇಲೆ ಕೂತಿದ್ದಳು. ಒಳಗೆ ತಾಯಿಗೆ ಮುಸುಕೆಳೆದಾಗಿತ್ತು.

ಕತೆ ಕೇಳಿದ ಶಿಷ್ಯ ಒಪ್ಪಲಿಲ್ಲ. ಇಡೀ ಗುಡ್ಡಕ್ಕೆ ಒಂದೇ ಸಲ ಕೇಳಿದ್ದು ಪಂಡಿತನ ತಪ್ಪು, ತಾನು ಒಂದು ಗಿಡಕ್ಕೆ ಕ್ರಮ ತಪ್ಪದೆ ಕೇಳಿದ್ದೇನೆ ಎಂದು ವಾದಿಸಿದ.

“ಅದು ಬೇಡ ಅನ್ನಲಿಲ್ಲ, ಬುದ್ಧಿ.”

ಗುರುಗಳು ಅವನ ಕೈಯಲ್ಲಿ ಬಾಡುತ್ತಿದ್ದುದನ್ನು ನೋಡಿದರು.

“ಗಿಡಕ್ಕೆ ಬಾಯಿಲ್ಲ.”