ಹಾಡುವ ಪೆಟ್ಟಿಗೆಯ ನಾಮಕರಣ

ಒಂದಾನೊಂದು ಊರಿನಲ್ಲಿ, ಇಲ್ಲವೇ ಅದರ ಪಕ್ಕದ ಊರಿನಲ್ಲಿ, ಹೆಸರಿಡದ ವಸ್ತುವನ್ನು ಯಾರೂ ಬಳಸುವಂತಿರಲಿಲ್ಲ. ಸೌಟು ಕೊಂಡರೂ ತೊಟ್ಟಿಲಿಗೆ ಹಾಕಬೇಕು, ಕಿವಿಯಲ್ಲಿ ಹೆಸರು ಉಸುರಬೇಕು, ಆಮೇಲೆ ಸಾರು.

ಅಲ್ಲಿನ ತಿಪ್ಪರಾಜನಿಗೆ ಹಡಗಿನಲ್ಲಿ ಒಂದು ಹಾಡುವ ಪೆಟ್ಟಿಗೆ ಬಂತು. ಅದರ ಮೇಲೆ ಉಮ್ಮತ್ತಿ ಹೂವಿನಂಥ ಹಿತ್ತಾಳೆ ಕಹಳೆ.

"ಅಬ್ಬಾ, ಎಂಥ ಕಿವಿ!" ಎಂದ ರಾಜ. "ಹೆಸರೇನು ಇದರದು?"

ದುಬಾಷಿ ಅಂಬುಜಾಕ್ಷಿ ಅಮೆರಿಕದ ಮೇಡಮ್ಮನಿಂದ ಇಂಗ್ಲಿಷ್ ಕಲಿತವಳು. "ಫೋನೋಗ್ರಾಫ್, ಪ್ರಭು" ಎಂದಳು.

ದಿವಾನ ಚೆನ್ನವೀರಯ್ಯ ಲಂಡನ್ನಿನಲ್ಲಿ ಓದಿ ಬಂದವನು. "ಗ್ರಾಮಫೋನ್! ಈಯಮ್ಮನಿಗೆ ಇಂಗ್ಲಿಷೇ ಬರಲ್ಲ" ಎಂದ.

"ಇಬ್ಬರೂ ಕಿವಿಯಲ್ಲಿ ಉಸುರಿ. ಯಾರ ಹೆಸರಿಗೆ ಓಗೊಡುತ್ತದೋ ಅವರ ಕೆಲಸ ಉಳಿಯಿತು. ಸೋತವರು ಅರಮನೆಯ ಬಾತುಕೋಳಿಗಳಿಗೆ ದುಬಾಷಿ" ಎಂದ ರಾಜ.

ಅಂಬುಜಾಕ್ಷಿ ಮನಸ್ಸಿನಲ್ಲೇ ಗೊಣಗಿದಳು: ಅಷ್ಟು ಓದಿದ್ದು ಬಾತುಕೋಳಿಗಾ?

ತೊಟ್ಟಿಲು ಕಟ್ಟಿದರು. ಪೆಟ್ಟಿಗೆಗೆ ಕುಲಾವಿ ತೊಡಿಸಿದರು. ಜೋಗುಳಕ್ಕೆ ಊರ ಹೆಂಗಸರು ಬಂದರು. ಎಲ್ಲರಿಗಿಂತ ಮುಂದೆ ಸಾಕವ್ವ, ಅಂಬುಜಾಕ್ಷಿಯನ್ನು ಎತ್ತಿ ಆಡಿಸಿ ಬೆಳೆಸಿದ ಅಜ್ಜಿ. ತೇಪೆಯ ಸೀರೆ, ಬಾಯಿತುಂಬ ಎಲೆಯಡಿಕೆ.

"ಮಗಾ, ಕೂಸು ಗಂಡೋ ಹೆಣ್ಣೋ?" ಎಂದು ಕೂಗಿ ಕೇಳಿದಳು. ಆಸ್ಥಾನ ಗೊಳ್ಳೆಂದಿತು.

ಅಂಬುಜಾಕ್ಷಿ ಅವಳನ್ನು ತೊಟ್ಟಿಲ ಮರೆಗೆ ಎಳೆದು, ಕಹಳೆಯ ಪಕ್ಕದಲ್ಲೇ ಬಗ್ಗಿ ಪಿಸುಗುಟ್ಟಿದಳು: "ನನ್ನ ಮಾನ ಕಳೀಬೇಡ ಅಜ್ಜಿ. ಯಾರಾದ್ರೂ ಕೇಳಿದ್ರೆ ಕೆಲಸದವಳು ಅನ್ನು."

"ಆಯ್ತವ್ವ" ಎಂದಳು ಸಾಕವ್ವ.

ಕೆಲಸದವಳಲ್ಲವೇ, ತೊಟ್ಟಿಲು ತೂಗಲು ಅವಳಿಗೇ ಹೇಳಿದರು. ತೂಗಿದಳು.

ಅಂಬುಜಾಕ್ಷಿ ಫೋನೋಗ್ರಾಫ್ ಎಂದು ಉಸುರಿದಳು. ದಿವಾನ ಗ್ರಾಮಫೋನ್ ಎಂದು ಉಸುರಿದ. ಪೆಟ್ಟಿಗೆ ಉಸಿರೆತ್ತಲಿಲ್ಲ. ಇಬ್ಬರೂ ಕೂಗಿದರು, ಅರಚಿದರು. ಊರು ಎರಡಾಯಿತು. ಫೋನೋಗ್ರಾಫಿನವರು ಬೀದಿಯ ಬಲಕ್ಕೆ ನಡೆದರು, ಗ್ರಾಮಫೋನಿನವರು ಎಡಕ್ಕೆ. ನಡುವೆ ಹುಲ್ಲು ಬೆಳೆಯಿತು. ಹುಲ್ಲಿಗೆ ಬಂದ ಹಸು ಯಾವ ಕಡೆಯದೆಂದು ತಿಳಿಯದೆ ಯಾರೂ ಹಾಲು ಕರೆಯಲಿಲ್ಲ. ಹಾಲಿಲ್ಲದೆ ರಾಜನಿಗೆ ಕಾಫಿ ತಪ್ಪಿತು. ಸಾಕವ್ವ ತೂಗುತ್ತಲೇ ಇದ್ದಳು.

ಕಾಫಿ ತಪ್ಪಿದ ರಾಜ ಅತ್ತ. ಆಗ ಸುಬ್ಬಕ್ಕ ಎಂದು ಹೆಸರಿಟ್ಟಿದ್ದ ಅಡುಗೆಮನೆಯ ಸೌಟು ಬಾಯಿ ಬಿಟ್ಟಿತು.

"ಸ್ವಾಮಿ, ಅದು ಕಿವಿಯಲ್ಲ, ಬಾಯಿ. ಬಾಯಿಗೆ ಅಷ್ಟೊಂದು ತುರುಕಿದರೆ ಹೇಗೆ ಮಾತಾಡೀತು? ಬೆನ್ನು ತಟ್ಟಿ."

ತಟ್ಟಿದರು. ಪೆಟ್ಟಿಗೆ ತೇಗಿತು. ತಿಂದದ್ದನ್ನೆಲ್ಲ ಹಿಂದುಮುಂದಾಗಿ ಕಕ್ಕಿತು. ಮೊದಲು ಅರಚಾಟ. ಆಮೇಲೆ ಗ್ರಾಮಫೋನ್. ಆಮೇಲೆ ಫೋನೋಗ್ರಾಫ್. ಕಟ್ಟಕಡೆಗೆ, ಊರಿಗೆಲ್ಲ ಕೇಳುವಂತೆ, ಒಂದು ಪಿಸುಮಾತು. ಅಲ್ಲೇ ಪೆಟ್ಟಿಗೆಯ ಮುಳ್ಳು ಸಿಕ್ಕಿಕೊಂಡಿತು.

"ಕೆಲಸದವಳು ಅನ್ನು. ಕೆಲಸದವಳು ಅನ್ನು. ಕೆಲಸದವಳು ಅನ್ನು."

ಅಂಬುಜಾಕ್ಷಿಯ ದನಿ. ಅಚ್ಚಗನ್ನಡ. ಯಾರಿಗೂ ದುಬಾಷಿ ಬೇಕಾಗಲಿಲ್ಲ. ಅವಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನೆಲಕ್ಕೆ ಇನ್ನೂ ಹೆಸರಿಟ್ಟಿರಲಿಲ್ಲ, ಅದು ಬಾಯಿ ಬಿಡುವಂತಿರಲಿಲ್ಲ.

ಆಗ ಸಾಕವ್ವ ಗಂಟಲು ಹರಿಯುವಂತೆ ಜೋಗುಳ ಎತ್ತಿದಳು, ಆ ಮಾತು ಮುಚ್ಚಿಹೋಗಲಿ ಎಂದು. ಮುಚ್ಚಿಹೋಯಿತು. ಪೆಟ್ಟಿಗೆ ನಿದ್ದೆ ಹೋಯಿತು.

"ಎಂಥ ಕಂಠ! ಯಾರಮ್ಮಾ ನೀನು?" ಎಂದ ರಾಜ.

ಸಾಕವ್ವ ಮೊಮ್ಮಗಳತ್ತ ನೋಡಲಿಲ್ಲ. "ಕೆಲಸದವಳು, ಬುದ್ಧಿ" ಎಂದಳು.

ನನ್ನಜ್ಜಿ ಎನ್ನಲು ಅಂಬುಜಾಕ್ಷಿ ಬಾಯಿ ತೆರೆದಳು. ಅಲ್ಲೂ ಮುಳ್ಳು ಸಿಕ್ಕಿಕೊಂಡಿತ್ತು. ಯಾರೂ ಹೇಳದೆಯೇ ತಲೆ ತಗ್ಗಿಸಿ ಬಾತುಕೋಳಿಗಳ ಕಡೆ ನಡೆದಳು. ಇವತ್ತಿಗೂ ಅವಕ್ಕೆ ಒಂದೇ ಪದ ಕಲಿಸುತ್ತಿದ್ದಾಳೆ: ಅಜ್ಜಿ. ಅವು ಕಲಿತುಬಿಟ್ಟಿವೆ. ಅವಳೇ ಇನ್ನೂ ತಡವರಿಸುತ್ತಾಳೆ.

ನೀತಿ ಏನೆಂದರೆ, ಹೆಸರಿಡುವ ಮೊದಲು ಕಿವಿಯೋ ಬಾಯೋ ನೋಡಿಕೊಳ್ಳಿ. ಕತೆ ಅತ್ತ ಹೋಯಿತು, ನಾವು ಇತ್ತ ಬಂದೆವು. ಹಸು ಮಾತ್ರ ಬೀದಿಯ ನಡುವೆಯೇ ನಿಂತಿದೆ.